ರಾಜ್ಯಶ್ರೀ ಅವರ ವೋಲ್ಟೇಜ್ ಪುಸ್ತಕ

ರಾಜ್ಯಶ್ರೀ ಅವರಿಗೆ ಸಕ್ಕರೆ ಕಾಯಿಲೆ ಎಂದು ನಾನು ಎರಡು ವಾರ ನಂಬಿದ್ದೆ. ಲಿಫ್ಟಿನಲ್ಲಿ ಅವರ ಕೈಯಲ್ಲಿದ್ದ ಪುಸ್ತಕವನ್ನು ಇಣುಕಿ ನೋಡಿದ್ದೆ: ಬೆಳಿಗ್ಗೆ 224, ಮಧ್ಯಾಹ್ನ 217, ಸಂಜೆ 158. ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷನಾದ ಮೇಲೆ ನಿವಾಸಿಗಳ ಆರೋಗ್ಯವೂ ನನ್ನ ಹೊಣೆಯೇ ತಾನೆ? ಹಾಗಲಕಾಯಿ ರಸದ ಮಹಿಮೆಯನ್ನು ಹತ್ತು ನಿಮಿಷ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಆಕೆ ಹೇಳಿದ್ದು ಇಷ್ಟು:

"ಅಣ್ಣಾ, ಇದು ನನ್ ರಕ್ತದ್ದಲ್ರೀ, ಗೋಡಿ ಪ್ಲಗ್ಗಿಂದು."

ನನ್ನಂತೆ ಕನ್ನಡದವರು, ಬಳ್ಳಾರಿಯಲ್ಲಿ ಹುಟ್ಟಿ ಈ ವಿಶಾಖಪಟ್ಟಣದ ತೆಲುಗು ಮನೆಗೆ ಸೊಸೆಯಾಗಿ ಬಂದವರು ರಾಜ್ಯಶ್ರೀ. ಇಲ್ಲಿನ ಗಾಜುವಾಕ ಬಡಾವಣೆಯ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತಾರೆ. ಸುರುಳಿ ಕಪ್ಪಾದ ಬಗೆ ನೋಡಿಯೇ ಮೋಟರು ಯಾಕೆ ಸತ್ತಿತೆಂದು ಹೇಳಬಲ್ಲರು. ಈ ಸಲ ಉಳಿಸಬೇಕಾಗಿದ್ದದ್ದು ಮೋಟರಲ್ಲ. ಅವರ ಮಾವ ಜಗನ್ಮೋಹನ್ ರಾವ್ ಆಮ್ಲಜನಕದ ಯಂತ್ರದ ಆಸರೆಯಲ್ಲಿದ್ದರು. ಸಂಜೆ ಎಲ್ಲರ ಮನೆಯ ಏಸಿಗಳು ಶುರುವಾದವೆಂದರೆ ಅದು ಕಿರುಚಿಕೊಂಡು ನಿಲ್ಲುತ್ತಿತ್ತು. ಸಿಲಿಂಡರ್ ಜೋಡಿಸುವಷ್ಟರಲ್ಲಿ ರಾಯರ ತುಟಿ ನೀಲಿಗಟ್ಟುತ್ತಿತ್ತು.

"ಸ್ಟೆಬಿಲೈಸರ್ ಹಾಕಿಸಿ," ಎಂದೆ, ಅಧ್ಯಕ್ಷರ ದನಿಯಲ್ಲಿ.

"ಹಾಕೇವ್ರೀ. 170ರ ಕೆಳಗ ಅದೂ ಕೈ ಎತ್ತತೈತಿ. ಲೈನಿನಾಗ 230 ಬರಬೇಕು. ಆರು ಪರ್ಸೆಂಟ್ ಹೆಚ್ಚುಕಮ್ಮಿ ಆದ್ರೂ 216ಕ್ಕಿಂತ ಇಳೀಬಾರದು. ಈ ಮಿಷನ್ನು ಪಾಪ, 207ರ ತನಕ ತಡಕೊಂತೈತಿ. 158 ಕೊಟ್ರ ಅದೇನ್ ಮಾಡಬೇಕು?"

ಮೂರು ದೂರು ಹೋದ ಮೇಲೆ ಕರೆಂಟ್ ಆಫೀಸಿನ ಇಂಜಿನಿಯರ್ ಅನಿಲ್‌ಕುಮಾರ್ ಬಂದರು. "ಲೋಡ್ ಜಾಸ್ತಿ ಅಮ್ಮಾ, ಬೇಸಿಗೆ ಕಳೆದರೆ ಸರಿಹೋಗುತ್ತೆ" ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದರು. ಗಣ್ಯರಿಬ್ಬರ ನಡುವಿನ ಒಪ್ಪಂದವೆಂಬಂತೆ ನಾನೂ ತಲೆಯಾಡಿಸಿದೆ.

ರಾಜ್ಯಶ್ರೀ ಮಾತ್ರ ಪುಸ್ತಕದ ಇನ್ನೊಂದು ಹಾಳೆ ತೆರೆದರು. ದಿನಾ ಅದೇ ಹೊತ್ತಿಗೆ ಮೂರನೆಯ ಮಹಡಿಯ ಹಾರಿಕಾ ಮನೆಯಲ್ಲೂ ಅಳೆಸಿ ಬರೆದಿಟ್ಟಿದ್ದರು. ತೆಲುಗಿನಲ್ಲಿ ಇಂಜಿನಿಯರಿಗೆ ಹೇಳಿ, ನನ್ನ ಪೆಚ್ಚು ಮುಖ ನೋಡಿ ಕನ್ನಡದಲ್ಲೂ ಹೇಳಿದರು:

"ಲೋಡ್ ಜಾಸ್ತಿ ಆದ್ರ ಎಲ್ಲಾರಿಗೂ ಇಳೀಬೇಕಲ್ರೀ? ನಮಗ 158 ಆದಾಗ ಹಾರಿಕಾಗ 264 ಹೆಂಗ್ ಬಂತು? ಅವರದು ಬ್ಯಾರೆ ಫೇಸು, ನಮ್ಮದು ಬ್ಯಾರೆ. ಎರಡಕ್ಕೂ ಒಂದೇ ನ್ಯೂಟ್ರಲ್ ತಂತಿ. ಅದು ಕಂಬದಾಗ ಸಡಿಲ ಆಗೈತಿ. ಹಂಗಾದ್ರ ಒಬ್ಬರಿಗೆ ಇಳೀತೈತಿ, ಇನ್ನೊಬ್ಬರಿಗೆ ಏರತೈತಿ."

ಅನಿಲ್‌ಕುಮಾರ್ ಆ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಲೈನ್‌ಮನ್‌ನನ್ನು ಕಂಬ ಹತ್ತಿಸಿದರು. ನ್ಯೂಟ್ರಲ್ ತಂತಿಯ ಜೋಡಣೆ ಸುಟ್ಟು ಕರಿಯಾಗಿತ್ತು. ಕತ್ತರಿಸಿ ಹೊಸದಾಗಿ ಬಿಗಿದರು.

ಅಂದು ಸಂಜೆ ಏಸಿಗಳೆಲ್ಲ ಶುರುವಾದವು. ನಾವು ಮೂರು ಮನೆಯವರು ರಾಜ್ಯಶ್ರೀ ಅವರ ಕೋಣೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಯಂತ್ರ ಕಿರುಚಲಿಲ್ಲ. ರಾಯರು ಬಾಯಿ ತುಸು ತೆರೆದುಕೊಂಡು ಹಾಯಾಗಿ ನಿದ್ದೆ ಮಾಡುತ್ತಿದ್ದರು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದ ವೋಲ್ಟ್ ಮೀಟರು 226 ತೋರಿಸುತ್ತಿತ್ತು. ಅಧ್ಯಕ್ಷನಾದವನು ಇಂಥ ಹೊತ್ತಿನಲ್ಲಿ ಏನಾದರೂ ಕೇಳಲೇಬೇಕಲ್ಲ.

"230 ಬರಬೇಕು ಅಂದಿದ್ರಿ. ಉಳಿದ ನಾಲ್ಕು ವೋಲ್ಟ್ ಯಾವಾಗ ಬರುತ್ತೆ?"

ಮಾವನ ಹೊದಿಕೆ ಸರಿಮಾಡುತ್ತಿದ್ದ ರಾಜ್ಯಶ್ರೀ ತಿರುಗಿಯೂ ನೋಡಲಿಲ್ಲ.

"ಮಾಮಯ್ಯಗ ಉಸಿರು ಬಂತಲ್ರೀ. ಆ ನಾಲ್ಕು ನೀವೇ ಇಟ್ಕೊಳ್ರಿ."