ಕರಿಬಸು ಹಾಡಿದ ಎರಡು ಸಾಲು

ಹಾಡುಗಾರನೊಬ್ಬ ಮೈಕಿನ ಮುಂದೆ ನಿಂತು, "ಫೋನ್ ಒಳಗಿಡ್ರಿ, ಇಲ್ಲಾಂದ್ರೆ ನಾನು ಮನೆಗೆ ಹೋಗ್ತೀನಿ" ಅಂದರೆ ನೀವೇನು ಮಾಡುತ್ತೀರಿ? ನ್ಯಾಮತಿಯ ಸಭಾಂಗಣದಲ್ಲಿ ಜನ ನಕ್ಕು, ಫೋನುಗಳನ್ನು ಇನ್ನಷ್ಟು ಮೇಲೆತ್ತಿದರು.

ಅವನು ನಿಜವಾಗಿಯೂ ಇಳಿದುಹೋದ. ಒಂದು ಹಾಡನ್ನೂ ಹಾಡದೆ!

ಕಳೆದ ಭಾನುವಾರದ ಮಾತಿದು. ಅವನ ಹೆಸರು ಕರಿಬಸು. ಜಗಳೂರಿನವನು. ಎಲೆಕ್ಟ್ರಿಕ್ ಗಿಟಾರ್ ಹಿಡಿದು, ತನ್ನೂರಿನ ಮಾತಿನಲ್ಲೇ ರಾಕ್ ಹಾಡಿದವನು. ನಾನು ದಾವಣಗೆರೆಯಲ್ಲಿ ಓದುತ್ತಿದ್ದಾಗ ಅವನ ಬ್ಯಾಂಡ್ ನಮ್ಮ ಕಾಲೇಜಿಗೆ ಬಂದಿತ್ತು. 'ಬಿಸಿಲ ಬಸ್ಸು' ಅಂತ ಒಂದು ಹಾಡು. ಪಿಸುಮಾತಿನಂತೆ ಶುರುವಾಗಿ, ಕೊನೆಗೆ ಗಂಟಲು ಹರಿಯುವ ಕೂಗು. ಅವತ್ತು ನಾನೂ ರೂಮ್‌ಮೇಟ್ ಶೈಲಾಳೂ ಹಾಸ್ಟೆಲ್ ಊಟ ಮರೆತು ಕೂತಿದ್ದೆವು. ನಮ್ಮ ಕನ್ನಡದಲ್ಲಿ ಹಿಂಗೂ ಕೂಗಬಹುದಾ?

ಆಮೇಲೇನಾಯ್ತು? ಸ್ಟೇಜಿನ ಮೇಲೇ ಡ್ರಮ್ಮರ್ ಜೊತೆ ಜಗಳ. ಸಿನಿಮಾದವರು ಕರೆದರೆ, ಒಂದು ಪದವನ್ನೂ ಬದಲಿಸಲ್ಲ ಅಂತ ಎದ್ದುಬಂದ. ಯಾಕೋ ಸಿಟ್ಟಾಗಿ ತನ್ನ ಹಾಡುಗಳನ್ನೆಲ್ಲ ಆನ್‌ಲೈನಿನಿಂದ ತಾನೇ ತೆಗೆಸಿದ. (ನಾವು ಅಭಿಮಾನಿಗಳು ಎಲ್ಲಿಗೆ ಹೋಗಬೇಕಿತ್ತೋ!) ಬ್ಯಾಂಡ್ ಒಡೆಯಿತು. ನನ್ನ ಗಂಡನಿಗೆ ಅವನು ಇವತ್ತಿಗೂ 'ನಿನ್ನ ಸಿಡುಕಪ್ಪ'.

ಇಂಥವನು ನ್ಯಾಮತಿಯಲ್ಲಿ ಹಾಡುತ್ತಾನೆ ಅಂತ ಗೊತ್ತಾದರೆ ಮನೆಯಲ್ಲಿ ಕೂರುವುದುಂಟೆ? ಚನ್ನಗಿರಿಯಿಂದ ಬಸ್ ಹತ್ತಿದೆ. ಹೊನ್ನಾಳಿಯಲ್ಲಿ ಶೈಲಾ ಜೊತೆಯಾದಳು. ದಾರಿಯುದ್ದಕ್ಕೂ ಇಬ್ಬರೂ ಅದೇ ಹಾಡು ಗುನುಗಿದೆವು.

ಅವನು ಇಳಿದುಹೋದದ್ದೇ ತಡ, ಶೈಲಾ ಸಂಘಟಕರ ಜೊತೆ ಜಗಳಕ್ಕೆ ನಿಂತಳು. ನಾನು ಹಿಂಬಾಗಿಲಿಗೆ ಓಡಿದೆ. ಮೆಟ್ಟಿಲ ಮೇಲೆ, ತೊಡೆಯಲ್ಲಿ ಗಿಟಾರ್ ಇಟ್ಟುಕೊಂಡು ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಕಾಲೇಜಿನಿಂದ ನಿಮ್ಮ ಫ್ಯಾನು ರೀ ನಾನು" ಅಂದೆ.

"ನೋಡಾಕೆ ಬಂದ್ರೋ, ಕೇಳಾಕೆ ಬಂದ್ರೋ?"

"ಕೇಳಾಕೆ ರೀ."

ಅವನ ಮುಖ ಸಡಿಲವಾಯಿತು. "ಹಂಗಾದ್ರೆ ಕುಂತ್ಕಳ್ರಿ. ಹೊಸದೊಂದು ಐತೆ. ಯಾರಿಗೂ ಕೇಳ್ಸಿಲ್ಲ."

ಸ್ಪೀಕರ್ ಇಲ್ಲದ ಗಿಟಾರಿನ ಸದ್ದು ಎಷ್ಟು ಸಣ್ಣದು ಗೊತ್ತಾ? ನಾನು ಬಗ್ಗಿ ಕೂತೆ. ಮೆಲ್ಲಗೆ ಹಾಡಿದ:

"ನನ್ನ ಹೆಸ್ರು ಕೇಳ್ತಾಳೆ ನಮ್ಮವ್ವ,
ಹೇಳಿದ್ರೆ, ಚಂದೈತೆ ಅಂತಾಳೆ..."

ಅಲ್ಲಿ ಉಸಿರಿಗೆಂದು ನಿಲ್ಲಿಸಿದ. ಆಗ ನನ್ನ ಬಾಯಿಂದ ಬಂದದ್ದೇನು? "ಇದಾದ್ಮೇಲೆ ಬಿಸಿಲ ಬಸ್ಸು ಹಾಡ್ತೀರಲ್ರಿ?"

ಬೆರಳು ನಿಂತವು. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಒಳಗಿರೋರು ನನ್ನ ಹಾಡು ಫೋನ್‌ನಾಗೆ ತುಂಬ್ಕಳಾಕೆ ಬಂದಿದ್ರು ಮೇಡಂ. ನೀವು ತುಂಬ್ಕಂಡೇ ಬಂದೀರಿ. ಹೊಸದಕ್ಕೆ ಜಾಗ ಎಲ್ಲೈತೆ?"

ಗಿಟಾರನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, "ಹುಷಾರಾಗಿ ಹೋಗ್ರಿ" ಅಂದು ಬಸ್‌ಸ್ಟ್ಯಾಂಡ್ ಕಡೆ ನಡೆದುಬಿಟ್ಟ.

"ಹಾಡಿದ್ನೇನೇ?" ಅಂತ ಶೈಲಾ ಓಡಿಬಂದಳು. "ಹ್ಞೂಂ" ಅಂದೆ. ಯಾವುದು ಅಂತ ಹೇಳಲಾಗಲಿಲ್ಲ.

ಇಷ್ಟು ವರ್ಷ ಯಾವ ಹಾಡಿಗಾಗಿ ಹಂಬಲಿಸಿದ್ದೆನೋ, ಅದು ಈ ವಾರ ಒಮ್ಮೆಯೂ ನೆನಪಾಗಿಲ್ಲ. ಒಲೆ ಮುಂದೆ ನಿಂತರೂ, ಬಟ್ಟೆ ಒಣಹಾಕಿದರೂ ಆ ಎರಡೇ ಸಾಲು.

ಹೆತ್ತ ಮಗನನ್ನೇ ಮರೆತ ಆ ಅವ್ವ, ಅವನ ಹೆಸರು ಚಂದೈತೆ ಅಂದ ಮೇಲೆ ಏನಂದಳು?