ಹತ್ತೊಂಬತ್ತನೇ ದಿನದ ನಗು

ನನಗೆ ಕೋಪ ಜಾಸ್ತಿ. ಸಾರಿಗೆ ಉಪ್ಪು ಹೆಚ್ಚಾದರೆ ಕೂಗುತ್ತಿದ್ದೆ, ಟವೆಲು ಗೂಟದಲ್ಲಿ ಇಲ್ಲದಿದ್ದರೆ ಕೂಗುತ್ತಿದ್ದೆ, ಶ್ರೀನಿವಾಸಪುರದ ಬಸ್ಸು ಐದು ನಿಮಿಷ ತಡವಾದರೆ ನಿಲ್ದಾಣದಲ್ಲಿ ಯಾರೂ ಇಲ್ಲದಿದ್ದರೂ ಕೂಗುತ್ತಿದ್ದೆ. ಕೊನೆಗೆ ಕಚೇರಿಯವರೆಲ್ಲ ಸೇರಿ ನನ್ನನ್ನು ಕೋಲಾರದ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ತಳ್ಳಿದರು. ನನ್ನ ಉದ್ಧಾರಕ್ಕಲ್ಲ, ಅವರ ನೆಮ್ಮದಿಗೆ.

ಬಿಸಿಲಲ್ಲೂ ಕೋಟು ಬಿಚ್ಚದ ಒಬ್ಬ ತರಬೇತುದಾರ ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮಿಂದ ಚಪ್ಪಾಳೆ ತಟ್ಟಿಸಿದ. ಆಮೇಲೆ ಎಲ್ಲರ ಮಣಿಕಟ್ಟಿಗೂ ಒಂದೊಂದು ಹಳದಿ ರಬ್ಬರ್ ಬ್ಯಾಂಡ್ ಹಾಕಿಸಿದ. "ಕೋಪ ಬಂತಾ? ಇದನ್ನ ಎಳೆದು ಬಿಡಿ. ಚುರ್ ಅನ್ನುತ್ತೆ. ತಕ್ಷಣ ಮುಗುಳ್ನಗಿ. ಇಪ್ಪತ್ತೊಂದು ದಿನ ಹೀಗೆ ಮಾಡಿ, ನೀವು ಬೇರೆಯೇ ಮನುಷ್ಯ!" ಎಂದ. ದಿನಾ ಸಂಜೆ ವಾಟ್ಸಾಪ್ ಗುಂಪಿನಲ್ಲಿ "ದಿನ ಇಷ್ಟು, ಕೋಪ ಸೊನ್ನೆ" ಎಂದು ಬರೆಯಬೇಕು. ಬರೆದರೆ ಉಳಿದವರೆಲ್ಲ ಚಪ್ಪಾಳೆಯ ಚಿತ್ರ ಹಾಕುತ್ತಾರೆ. ಈ ವಯಸ್ಸಿನಲ್ಲಿ ನನಗೆ ಆ ಚಪ್ಪಾಳೆಯ ಚಟ ಹತ್ತಿತು ನೋಡಿ, ಎಂಥಾ ಕರ್ಮ!

ಮನೆಗೆ ಬಂದರೆ ಹೆಂಡತಿ ಕೈ ನೋಡಿ, "ಇದೇನ್ರೀ, ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡು?" ಎಂದಳು. ಎಳೆದು ಬಿಟ್ಟೆ, ನಕ್ಕೆ. ಮರುದಿನ ಉಪ್ಪೇ ಇಲ್ಲದ ಸಾರಿಗೂ ನಕ್ಕೆ. "ನೀವು ಕೂಗಿದ್ರೇ ವಾಸಿ. ಹಿಂಗೆ ನಕ್ರೆ ನಂಗೆ ಭಯ ಆಗ್ತದೆ," ಎಂದು ಅವಳು ರೇಷ್ಮೆ ಮನೆಗೆ ಹೋದಳು.

ಆ ರೇಷ್ಮೆ ಮನೆಯೇ ಅವಳ ಜೀವ. ನನ್ನ ತಾಯಿ ಇರುವ ತನಕ ಹುಳು ಮೇಯಿಸುವುದರಲ್ಲಿ ಅವಳದು ಬರೀ ಕೈಯಾಳಿನ ಕೆಲಸ. ಸೊಪ್ಪು ತಾ ಅಂದರೆ ತರಬೇಕು, ಕಸ ತೆಗೆ ಅಂದರೆ ತೆಗೆಯಬೇಕು. ಮೊಟ್ಟೆಯಿಂದ ಗೂಡಿನ ತನಕ ಪೂರ್ತಿ ತಾನೇ ನಿಂತು ಮಾಡುತ್ತಿದ್ದ ಮೊದಲ ಬೆಳೆ ಇದು. ನನ್ನ ನಗುವಿಗೆ ಹದಿನೆಂಟು ದಿನ ತುಂಬುವ ಹೊತ್ತಿಗೆ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಬಿಟ್ಟು, ಎದ್ದು ದಪ್ಪಗಾಗಿದ್ದವು. ಇನ್ನು ಐದು ದಿನಕ್ಕೆ ಬಿದಿರಿನ ಚಂದ್ರಿಕೆಗೆ ಹತ್ತಿಸಿದರೆ ಗೂಡು ಕಟ್ಟುತ್ತವೆ. "ಇದೊಂದು ದಡ ಸೇರ್ಲಿ, ಆಮೇಲೆ ಯಾರು ನಂಗೆ ಹೇಳಿಕೊಡ್ತಾರೆ ನೋಡ್ತೀನಿ," ಎನ್ನುತ್ತಿದ್ದಳು.

ನಮ್ಮ ಹಿಪ್ಪುನೇರಳೆ ತೋಟದ ಬದುವಿನ ಆಚೆ ಪಕ್ಕದವನ ಟೊಮೇಟೊ ತೋಟ. ಟೊಮೇಟೊಗೆ ಔಷಧಿ ಹೊಡೆಯದೆ ಗತಿಯಿಲ್ಲ. ಅದು ಗಾಳಿಗೆ ಹಾರಿ ನಮ್ಮ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಇದಕ್ಕೆ ನಮ್ಮಿಬ್ಬರ ನಡುವೆ ಇದ್ದ ಒಪ್ಪಂದವೆಂದರೆ ನನ್ನ ಬಾಯಿ. ಅವನು ಪಂಪು ಬೆನ್ನಿಗೇರಿಸಿದ್ದು ಕಂಡರೆ ನಾನು ಬದುವಿನ ಮೇಲೆ ನಿಂತು, "ಲೇ, ಮನೇಲಿ ಹುಳ ಐತೆ ಕಣೋ!" ಎಂದು ಮೂರು ಹೊಲ ದಾಟುವಂತೆ ಅರಚುತ್ತಿದ್ದೆ. ಅವನು, "ಆಯ್ತು ಬಿಡಣ್ಣಾ," ಎಂದು ನಮ್ಮ ಕಡೆಯ ಸಾಲುಗಳನ್ನು ಬಿಟ್ಟು ಹೊಡೆಯುತ್ತಿದ್ದ. ವರ್ಷಗಳಿಂದ ಹೀಗೇ ನಡೆದಿತ್ತು.

ಹತ್ತೊಂಬತ್ತನೇ ದಿನ ಭಾನುವಾರ. ಸಂಜೆ ತೋಟಕ್ಕೆ ಹೋದರೆ ಅವನು ಬದುವಿನ ಪಕ್ಕದ ಸಾಲಿನಲ್ಲೇ ಔಷಧಿ ಹೊಡೆಯುತ್ತಿದ್ದಾನೆ. ಗಾಳಿ ನಮ್ಮ ಕಡೆಗೆ. ವಾಸನೆ ನನ್ನ ಮೂಗಿಗೇ ಬಡಿಯಿತು. ಕೂಗು ಗಂಟಲ ತನಕ ಬಂತು. ಕೈ ರಬ್ಬರ್ ಬ್ಯಾಂಡಿಗೆ ಹೋಯಿತು. ಎಳೆದು ಬಿಟ್ಟೆ. ಚುರ್ ಅಂತು. ಅವನನ್ನು ನೋಡಿ ಮುಗುಳ್ನಕ್ಕೆ. ಅವನು ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ತಾನೂ ನಕ್ಕು ಕೈ ಎತ್ತಿದ.

ಕೂಗದೆಯೂ ಹೇಳಬಹುದಿತ್ತು. ಹತ್ತು ಹೆಜ್ಜೆ ನಡೆದು, "ಹುಳ ಇದೆಯಪ್ಪ," ಅಂದಿದ್ದರೆ ಮುಗಿಯುತ್ತಿತ್ತು. ನನ್ನ ದರಿದ್ರ ಬುದ್ಧಿಗೆ ಅದು ಹೊಳೆಯಲೇ ಇಲ್ಲ. ಬಾಯಿ ತೆರೆದರೆ ಕೂಗೇ ಬರುತ್ತದೆ, ಹತ್ತೊಂಬತ್ತು ದಿನದ ಸಾಧನೆ ನೀರಿನಲ್ಲಿ ಹೋಮ ಅನ್ನುವುದೊಂದೇ ಭಯ. ಹೆಂಡತಿಗೂ ಹೇಳಲಿಲ್ಲ. ಗಾಳಿ ಅಷ್ಟೇನೂ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೆಟ್ಟ ಮಾತು ಮನೆಗೆ ತರಬೇಡಿ ಎಂದು ಆ ಕೋಟಿನವನೂ ಹೇಳಿದ್ದ. ಜಗುಲಿಯಲ್ಲಿ ಕೂತು ಗುಂಪಿಗೆ ಬರೆದೆ: "ದಿನ ಹತ್ತೊಂಬತ್ತು. ಇವತ್ತು ದೊಡ್ಡ ಪರೀಕ್ಷೆ ಗೆದ್ದೆ." ಅಷ್ಟು ಚಪ್ಪಾಳೆ ಹಿಂದೆಂದೂ ಬಿದ್ದಿರಲಿಲ್ಲ.

ಬೆಳಿಗ್ಗೆ ಅವಳು ಬದುವಿನ ಪಕ್ಕದ ಸೊಪ್ಪನ್ನೇ ಕುಯ್ದು ತಂದು ಹಾಕಿದ್ದಳು. ನಾನು ಕಚೇರಿಗೆ ಹೊರಡುವ ಹೊತ್ತಿಗೆ ಒಳಗಿಂದ ಕರೆದಳು. ಹೋಗಿ ನೋಡಿದರೆ ಹುಳುಗಳು ತಲೆ ಎತ್ತಿ ಅತ್ತಿತ್ತ ಒದ್ದಾಡುತ್ತಿವೆ, ಬಾಯಿಂದ ಹಸಿರು ನೀರು. ಅವಳು ಎರಡೂ ಕೈಯಲ್ಲಿ ಸೊಪ್ಪು ಬಾಚಿ ಬಾಚಿ ಕೆಳಗೆ ಎಸೆಯುತ್ತಿದ್ದಳು.

"ಅವನೇನಾದ್ರೂ ಔಷಧಿ ಹೊಡೆದ್ನಾ?"

"ನಿನ್ನೆ ಸಂಜೆ ಹೊಡೀತಿದ್ದ," ಎಂದೆ.

"ನೋಡಿದ್ರಾ?"

"ನೋಡ್ದೆ."

ಅವಳ ಕೈ ನಿಂತಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ತೋಟಕ್ಕೆ ಓಡಿ, ಹತ್ತೊಂಬತ್ತು ದಿನ ಕಟ್ಟಿಟ್ಟಿದ್ದನ್ನೆಲ್ಲ ಪಕ್ಕದವನ ಮೇಲೆ ಒಮ್ಮೆಲೇ ಸುರಿದೆ. ಪಾಪ, ಅವನು ಬೆಪ್ಪಾಗಿ ನಿಂತ. "ಅಯ್ಯೋ, ಚೆಪ್ಪಕೂಡದಾ ಅಣ್ಣಾ? ಒಂದ್ ಮಾತು ಹೇಳ್ಬಾರ್ದಾ? ನೀನ್ ಕೂಗ್ಲಿಲ್ಲ, ಮೇಲಾಗಿ ನಕ್ಕೆ. ಹುಳ ಚಂದ್ರಿಕೆಗೆ ಹತ್ತಿರ್ತವೆ, ಇನ್ನು ಸೊಪ್ಪು ತಿನ್ನಲ್ಲ ಅಂದ್ಕಂಡೆ!" ಎಂದ. ಬಂದ ದಾರಿಯಲ್ಲೇ ವಾಪಸು ಬಂದೆ.

ಹುಳು ಮೇಯುವ ನಾಲ್ಕು ಅಟ್ಟಣೆಗಳಲ್ಲಿ ಮೂರು ಹೋದವು. ಮೇಲಿನದಕ್ಕೆ ಇನ್ನೂ ಹೊಸ ಸೊಪ್ಪು ಹಾಕಿರಲಿಲ್ಲ, ಅದೊಂದು ಉಳಿಯಿತು. ಸತ್ತ ಹುಳುಗಳನ್ನು ಹಿತ್ತಲ ಗುಂಡಿಗೆ ಹಾಕಿ ಅವಳು ಸುಣ್ಣ ಚೆಲ್ಲುತ್ತಿದ್ದಳು. "ತಪ್ಪಾಯ್ತು ಕಣೇ," ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇಷ್ಟು ವರ್ಷ ಉಪ್ಪಿಗೆ, ಟವೆಲ್ಲಿಗೆ, ಎಲ್ಲಾದಕ್ಕೂ ನನ್ ಮೇಲೆ ಕೂಗಿದ್ರಿ," ಎಂದಳು. "ಒಂದೇ ಒಂದು ಸಲ ನನಗೋಸ್ಕರ ಕೂಗ್ಬಾರ್ದಾಗಿತ್ತಾ?"

ನನ್ನ ಬೆರಳು ಮಣಿಕಟ್ಟಿನ ಕಡೆಗೆ ಹೋಯಿತು. ಅವಳು ನನ್ನ ಕೈ ಹಿಡಿದು ರಬ್ಬರ್ ಬ್ಯಾಂಡು ತೆಗೆದಳು, ಮಿಕ್ಕ ಸುಣ್ಣದ ಕವರಿನ ಬಾಯಿಗೆ ಎರಡು ಸುತ್ತು ಸುತ್ತಿದಳು.

"ಉಳಿದವಕ್ಕೆ ಸೊಪ್ಪು ಬೇಕು. ಬದುವಿನ ಕಡೆದು ಬೇಡ," ಎಂದಳು. ನಾನು ಕುಡುಗೋಲು ತೆಗೆದುಕೊಂಡು ಹೊರಟೆ.