ದೊಡ್ಡಪ್ಪ ತೋರಿಸಿದ ಕೊಂಡುಕುರಿ

ಹೋದ ತಿಂಗಳು ನ್ಯಾಮತಿ ಹತ್ತಿರದ ಗುಡ್ಡವೊಂದನ್ನು ಹತ್ತುವಾಗ ಕಾಲು ಜಾರಿತು. ಬೀಳದಿರಲೆಂದು ಪಕ್ಕದ ಗಿಡವನ್ನು ಬಾಚಿ ಹಿಡಿದೆ. ಸಿಕ್ಕಿದ್ದು ಬಂದರೆ ಎಂಬ ಕುರುಚಲು ಗಿಡ. ಅಂಗೈಯಲ್ಲಿ ಅದರ ಎಲೆ ಜಜ್ಜಿ ಅಂಟಂಟಾಗಿ, ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಜೊತೆಗಿದ್ದವರು ಕಾಲು ಉಳುಕಿತೇನೋ ಎಂದುಕೊಂಡು ನೀರು ಕೊಟ್ಟರು. ಹೊನ್ನಾಳಿಯಲ್ಲಿ ಸಂಸಾರ ಹೂಡಿ ಹದಿನೆಂಟು ವರ್ಷವಾಯಿತು. ಹೊಳೆ ದಂಡೆಯ ಹಸಿರಿಗೆ ಕಣ್ಣು ಒಗ್ಗಿಹೋಗಿ, ಚಿಕ್ಕಂದಿನ ಒಣಗುಡ್ಡಗಳ ಆ ವಾಸನೆಯನ್ನು ಮರೆತೇಬಿಟ್ಟಿದ್ದೇನೆ ಎಂದುಕೊಂಡಿದ್ದೆ. ನಿಮಗೂ ಅಂಥದೊಂದು ವಾಸನೆ ಇದ್ದರೆ, ನಾನು ಯಾಕೆ ಕೂತೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಾನು ಬೆಳೆದ ಮನೆ ಜಗಳೂರು ತಾಲ್ಲೂಕಿನಲ್ಲಿ, ಸೊಕ್ಕೆಯಿಂದಾಚೆಗಿನ ಒಂದು ಸಣ್ಣ ಊರಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ. ಮಾಳಿಗೆ ಮೇಲೆ ಶೇಂಗಾ ಒಣಗುತ್ತಿತ್ತು, ಒಳಗಿನ ಕತ್ತಲಲ್ಲಿ ಈರುಳ್ಳಿಯ ಘಾಟು ತುಂಬಿರುತ್ತಿತ್ತು. ಅಪ್ಪ ಅವ್ವ ಚನ್ನಗಿರಿ ಕಡೆ, ಕತ್ತಲಗೆರೆಯಲ್ಲಿ ಗದ್ದೆ ಮಾಡಿಕೊಂಡು ಅಲ್ಲೇ ಉಳಿದಿದ್ದರು. ನನ್ನನ್ನು ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮನ ಬಳಿ ಬಿಟ್ಟಿದ್ದರು. ದೊಡ್ಡಮ್ಮ ಇಡೀ ದಿನ ದುಡಿಯುವ ಹೆಂಗಸು. ದೊಡ್ಡಪ್ಪ ತೆಳ್ಳಗಿನ, ಉದ್ದ ಕಾಲಿನ, ಮಾತು ಕಡಿಮೆಯ ಮನುಷ್ಯ. ಅವನಿಗೆ ಹೊಲದ ಕೆಲಸ ಒಲಿಯಲಿಲ್ಲ, ನಡಿಗೆ ಒಲಿದಿತ್ತು. ನಮ್ಮೂರಲ್ಲಿ ಯಾರೂ ಸುಮ್ಮನೆ ನಡೆಯುತ್ತಿರಲಿಲ್ಲ. ನೀರಿಗೆ ನಡೆಯುತ್ತಿದ್ದರು, ಸೌದೆಗೆ, ಸಂತೆಗೆ, ಹೊಲಕ್ಕೆ ನಡೆಯುತ್ತಿದ್ದರು. ದೊಡ್ಡಪ್ಪ ಮಾತ್ರ ಭಾನುವಾರ ಬೆಳಕು ಹರಿಯುತ್ತಿದ್ದಂತೆ ಬರಿಗೈಲಿ ಗುಡ್ಡಕ್ಕೆ ಹೊರಡುತ್ತಿದ್ದ. ಕಟ್ಟೆ ಮೇಲೆ ಕೂತವರು, "ಏನಪ್ಪಾ, ಅಡವಿಗೆ ಏನ್ ಮಾಡಾಕೆ ಹೊಂಟೆ?" ಎಂದು ಕೇಳುತ್ತಿದ್ದರು. "ನೋಡಾಕೆ," ಎನ್ನುತ್ತಿದ್ದ. ಅವರು ನಗುತ್ತಿದ್ದರು. ಆ ಒಂದು ಮಾತಿಗಾಗಿಯೇ ನನ್ನ ಪಾಲಿಗೆ ಅವನು ಊರಿನ ಎಲ್ಲರಿಗಿಂತ ದೊಡ್ಡವನಾಗಿದ್ದ.

ನನಗೆ ಒಂಬತ್ತು ತುಂಬಿದ ವರ್ಷ ನನ್ನನ್ನೂ ಕರೆದುಕೊಂಡು ಹೋಗತೊಡಗಿದ. ಗಾಳಿ ಮುಖಕ್ಕೆ ಬರುವ ಹಾಗೆ ನಡೆಯಬೇಕು, ತರಗೆಲೆ ತುಳಿಯಬಾರದು, ಕಲ್ಲಿನ ಮೇಲೆ ಹೆಜ್ಜೆ ಇಡಬೇಕು, ಕೆಮ್ಮು ಬಂದರೆ ಲಂಗದ ಅಂಚೋ ತೋಳೋ ಬಾಯಿಗೆ ಒತ್ತಿಕೊಳ್ಳಬೇಕು. ಇವೆಲ್ಲ ಅವನು ಹೇಳಿಕೊಟ್ಟದ್ದಲ್ಲ, ಅವನ ಹಿಂದೆ ನಡೆದು ನಡೆದು ನನಗೆ ಬಂದದ್ದು. ಇಬ್ಬನಿಗೆ ನೆನೆದ ಕರಡದ ಹುಲ್ಲು ಮೊಣಕಾಲಿಗೆ ತಣ್ಣಗೆ ತಾಕುತ್ತಿತ್ತು. ಕಮರದ ಮರಗಳ ನಡುವೆ ಬಿಸಿಲು ಇಳಿಯುವ ಹೊತ್ತಿಗೆ ನಾವು ಒಂದು ಬಂಡೆಯ ಮರೆಯಲ್ಲಿ ಕೂತಿರುತ್ತಿದ್ದೆವು. ಅಲ್ಲಿ ಮೊದಲ ಸಲ ಕೊಂಡುಕುರಿ ಕಂಡೆ. ಹೆಸರಿಗಷ್ಟೇ ಕುರಿ, ಅಸಲಿಗೆ ಅಡವಿಯ ಹುಲ್ಲೆ. ಮೇಕೆಯಷ್ಟೇ ಎತ್ತರ, ಒಣಹುಲ್ಲಿನದೇ ಬಣ್ಣ, ಗಂಡಿಗೆ ತಲೆ ಮೇಲೆ ನಾಲ್ಕು ಕೊಂಬು. ಅದು ತಲೆ ಎತ್ತಿ ನಮ್ಮ ಕಡೆ ನೋಡಿ, ಏನೂ ಕಾಣದೆ ಮತ್ತೆ ಮೇಯತೊಡಗಿತು. ನಾನು ಉಸಿರೇ ಬಿಟ್ಟಿರಲಿಲ್ಲ. ಕೊಂಡುಕುರಿ ದಿನವೂ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಆ ಗುಪ್ಪೆ ಸಿಕ್ಕರೆ ಕುರಿ ಸಿಕ್ಕ ಹಾಗೆಯೇ ಎಂದು ದೊಡ್ಡಪ್ಪ ತೋರಿಸಿಕೊಟ್ಟ.

"ನನ್ನ ಕಣ್ಣು ಮಬ್ಬಾಗೈತೆ ಕಣವ್ವಾ, ನೀನೇ ನೋಡಿ ಹೇಳು," ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಗುಡ್ಡ, ಹಳ್ಳ, ಬಂಡೆ ಬರೆದು, ಹಿಕ್ಕೆ ಕಂಡಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಡುತ್ತಿದ್ದೆ. ಎಡಗಿವಿ ಸೀಳಿದ್ದ ಒಂದು ಹೆಣ್ಣು ಕುರಿ ಇತ್ತು. ಅದಕ್ಕೆ ಹರುಕಿವಿ ಎಂದು ಹೆಸರಿಟ್ಟು, ಅದು ನೀರಿಗೆ ಬರುವ ದಾರಿಯನ್ನು ಬೇರೆ ಬಣ್ಣದಲ್ಲಿ ಬರೆದಿದ್ದೆ. ದೊಡ್ಡಪ್ಪ ಆಗಾಗ ಆ ನೋಟ್‌ಬುಕ್ ಕೇಳಿ ಇಸಿದುಕೊಳ್ಳುತ್ತಿದ್ದ. ಶಾಲೆಯಲ್ಲಿ ಮೇಷ್ಟ್ರು ನೋಡದ ನನ್ನ ಬರಹವನ್ನು ದೊಡ್ಡಪ್ಪ ನೋಡುತ್ತಾನೆಂದು ಹಿಗ್ಗುತ್ತಿದ್ದೆ.

ಒಂದು ಶನಿವಾರ ಶಾಲೆ ಬೇಗ ಬಿಟ್ಟಿತು. ಮನೆ ಮುಂದೆ ಜೀಪು ನಿಂತಿತ್ತು. ಒಳಗೆ ಪೇಟೆಯ ಇಬ್ಬರು ಗಂಡಸರು ಕುರ್ಚಿ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ದೊಡ್ಡಪ್ಪ ಅವರ ಮುಂದೆ ನನ್ನ ನೋಟ್‌ಬುಕ್ ಹರವಿಕೊಂಡು ಬೆರಳಿಟ್ಟು ತೋರಿಸುತ್ತಿದ್ದ. "ಇಲ್ಲಿ ಐತೆ ನೋಡ್ರಿ. ನಮ್ಮ ಹುಡುಗಿ ಗುರುತು ಮಾಡ್ಯಾಳೆ ಅಂದ್ರೆ ತಪ್ಪಾಕಿಲ್ಲ." ಅವರು ಅವನನ್ನು ಯಜಮಾನ್ರೇ ಎನ್ನುತ್ತಿದ್ದರು. ಊರಲ್ಲಿ ಯಾರೂ ಅವನನ್ನು ಹಾಗೆ ಕರೆದದ್ದನ್ನು ನಾನು ಕೇಳಿರಲಿಲ್ಲ. ಅವನ ಮುಖ ಹೊಳೆಯುತ್ತಿತ್ತು. ಇವರೂ ನೋಡಲು ಬಂದವರೇ ಇರಬೇಕು ಎಂದು ನಾನೂ ಖುಷಿಪಟ್ಟೆ.

ಮರುದಿನ ದೊಡ್ಡಪ್ಪ ನನ್ನನ್ನು ಎಬ್ಬಿಸದೆ ಜೀಪಿನವರ ಜೊತೆ ಹೋಗಿದ್ದ. ಮಧ್ಯಾಹ್ನ ಮನೆಯಲ್ಲಿ ಬಾಡಿನ ಸಾರು. ಯಾರ ಮನೆಯ ಮೇಕೆ ಎಂದು ಕೇಳಿದೆ. ದೊಡ್ಡಮ್ಮ ಒಲೆ ಕಡೆಯೇ ಮುಖ ಮಾಡಿಕೊಂಡು, "ಸುಮ್ನೆ ಉಣ್ಣೇ," ಎಂದಳು. ಹಸಿದಿದ್ದೆ, ಎರಡು ಸಲ ಬಡಿಸಿಕೊಂಡು ಉಂಡೆ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಾಯಿ ತಿಪ್ಪೆಯ ಬಳಿ ಏನನ್ನೋ ಎಳೆಯುತ್ತಿತ್ತು. ಒಣಹುಲ್ಲಿನ ಬಣ್ಣದ ತೊಗಲಿನ ತುಂಡು. ಅದಕ್ಕೆ ಅಂಟಿಕೊಂಡೇ ಒಂದು ಕಿವಿ, ನಡುವೆ ಸೀಳಿದ್ದು.

ಉಂಡದ್ದೆಲ್ಲ ಅಲ್ಲೇ ವಾಂತಿಯಾಯಿತು. ಬಾಯಿ ಸಹ ತೊಳೆಯದೆ ಪಡಸಾಲೆಗೆ ಬಂದೆ. ದೊಡ್ಡಪ್ಪ ಕಂಬಕ್ಕೆ ಒರಗಿ ಕೂತಿದ್ದ. "ನೋಡಾಕೆ ಅಂದಿದ್ಯಲ್ಲಾ ದೊಡ್ಡಪ್ಪಾ?" ಎಂದೆ. ಅವನು ನೆಲ ನೋಡುತ್ತಲೇ, "ನೋಡಿದ್ದು ಸುಳ್ಳಲ್ಲವ್ವಾ," ಎಂದ. ಅಷ್ಟೇ. ಹೊಡೆದಿದ್ದರೆ, ಬೈದಿದ್ದರೆ, ಹಸಿ ಸುಳ್ಳೇ ಹೇಳಿದ್ದರೂ ನಾನು ಅತ್ತು ಮರೆಯುತ್ತಿದ್ದೆನೇನೋ. ಹರುಕಿವಿಯ ದಾರಿ ಬರೆದವಳು ನಾನು. ಬಂದೂಕು ಯಾರದಾದರೂ ಇರಲಿ, ಅದನ್ನು ಅಲ್ಲಿಗೆ ಕರೆದೊಯ್ದದ್ದು ನನ್ನ ಪೆನ್ಸಿಲ್ಲು. ನನ್ನನ್ನು ಇದಕ್ಕಾಗಿಯೇ ಕರೆದೊಯ್ಯುತ್ತಿದ್ದನೇ ಎಂಬ ಪ್ರಶ್ನೆ ಆ ಒಂಬತ್ತು ವರ್ಷದ ಹುಡುಗಿಯ ಹೊಟ್ಟೆಯೊಳಗೆ ಕೂತದ್ದು ಆಮೇಲೆ ಏಳಲೇ ಇಲ್ಲ.

ಮೂರು ವಾರ ಬಿಟ್ಟು ಅವನು ಮತ್ತೆ ಕರೆದ. "ಬರ್ತೀಯೇನವ್ವಾ?" ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಹೋದೆ. ಎಂದಿನಂತೆ ಗಾಳಿ ನೋಡಿಕೊಂಡು, ಕಲ್ಲು ನೋಡಿಕೊಂಡು, ಈ ಸಲ ಅವನ ಮುಂದೆ ನಡೆದೆ. ಹಳ್ಳದ ಮಗ್ಗುಲಲ್ಲಿ ಹೊಸ ಹಿಕ್ಕೆ ಹೊಳೆಯುತ್ತಿತ್ತು. ತಿರುಗಿ ನೋಡದೆ ದಾಟಿಬಿಟ್ಟೆ. "ಏನಾರ ಐತೇನು?" ಎಂದ. "ಇಲ್ಲ," ಎಂದೆ. ಕಾಗೆಯೂ ಕೂರದ ಮೂಡಣ ಇಳಿಜಾರಿನಲ್ಲಿ ಮಾತ್ರ ಇಲ್ಲಿದೆ, ಅಲ್ಲಿದೆ ಎಂದು ತೋರಿಸಿ ನೋಟ್‌ಬುಕ್ಕಿನ ತುಂಬ ಚುಕ್ಕೆ ಇಟ್ಟೆ. ಅವನು ಕಣ್ಣು ಕಿರಿದು ಮಾಡಿ ನೋಡಿ ತಲೆದೂಗಿದ. ಅವನ ಕಣ್ಣು ನಿಜವಾಗಿಯೂ ಮಬ್ಬಾಗಿತ್ತೆಂದು ಅವತ್ತು ನನಗೆ ಖಾತ್ರಿಯಾಯಿತು.

ಜೀಪು ಎರಡು ಸಲ ಬಂತು, ಎರಡು ಸಲವೂ ಬರಿದೇ ಹೋಯಿತು. ಎರಡನೆಯ ಸಲ ಅವರಲ್ಲೊಬ್ಬ ಓಣಿಯ ಜನರೆಲ್ಲ ಕೇಳುವಂತೆ, "ಏನ್ರಿ ಯಜಮಾನ್ರೇ, ನಮ್ಮನ್ನ ಮಂಗ ಮಾಡಾಕೆ ಕರೆಸಿದ್ರಾ?" ಎಂದು ರೇಗಿ, ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಟ. ದೊಡ್ಡಪ್ಪ ಧೂಳಿನಲ್ಲಿ ನಿಂತಿದ್ದ. ತಿರುಗಿ, ಹೊಸ್ತಿಲಲ್ಲಿದ್ದ ನನ್ನನ್ನು ನೋಡಿದ. ಅವನಿಗೆ ಗೊತ್ತಾಯಿತು. ನನಗೆ ಗೆದ್ದಂತಾಯಿತು, ಜೊತೆಗೇ ಎದೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಅವನು ನನ್ನ ಪಕ್ಕದಿಂದ ಒಳಗೆ ಹೋದ. ಮುಂದಿನ ಭಾನುವಾರ ನಾನು ಬೇಗ ಎದ್ದು ಚಪ್ಪಲಿ ಹಾಕಿಕೊಂಡು ಕಟ್ಟೆ ಮೇಲೆ ಕೂತೆ, ಯಾಕೆಂದು ನನಗೇ ತಿಳಿಯದು. ಅವನು ಆಗಲೇ ಹಿತ್ತಲ ಬಾಗಿಲಿನಿಂದ ಹೊರಟುಹೋಗಿದ್ದ. ಆ ಬೇಸಿಗೆಯಲ್ಲಿ ಅಪ್ಪ ಬಂದು ನನ್ನನ್ನು ಕತ್ತಲಗೆರೆಗೆ ಕರೆದುಕೊಂಡು ಹೋದರು.

ಆಮೇಲೆ ವರ್ಷಕ್ಕೊಮ್ಮೆ ಹೋಗಿ ಬರುವ ನೆಂಟಳಾದೆ. ದೊಡ್ಡಪ್ಪ ಹಾಸಿಗೆ ಹಿಡಿದಾಗ ಹೊನ್ನಾಳಿಯಿಂದ ಬಸ್ಸು ಬದಲಿಸಿಕೊಂಡು ಹೋದೆ. ಮಂಚದ ಪಕ್ಕ ಕೂತೆ. ನನ್ನ ಕೈ ಹಿಡಿದುಕೊಂಡು, "ನೀನು ಹೋದ ಮ್ಯಾಲೆ ಒಬ್ನೇ ಹೋಗ್ತಿದ್ದೆ ಕಣವ್ವಾ. ಮತ್ಯಾರನ್ನೂ ಕರ್ಕೊಂಡು ಹೋಗ್ಲಿಲ್ಲ. ಬರೀ ನೋಡಾಕೆ," ಎಂದ. ನಾನು ಹೂಂ ಎಂದೆ. ಹೂಂ ಎಂದದ್ದು ನಂಬಿ ಅಲ್ಲ. ಅದು ಅವನಿಗೂ ತಿಳಿದಿರಬೇಕು, ಮೆಲ್ಲಗೆ ಕೈ ಬಿಟ್ಟ. ಹದಿನೈದು ದಿನಕ್ಕೆ ತೀರಿಕೊಂಡ.

ಮಣ್ಣಾದ ಮೇಲೆ, ಬಂದವರೆಲ್ಲ ಹೋದ ಮೇಲೆ, ಅವನ ಆ ಮಾತು ನಿಜವೇ ಎಂದು ದೊಡ್ಡಮ್ಮನನ್ನು ಕೇಳಿದೆ. ಅವಳು ಚಾಪೆ ಸುತ್ತುತ್ತಿದ್ದಳು. "ಹೋಗ್ತಿದ್ದದ್ದು ಖರೇ. ಕಣ್ಣು ಪೂರ್ತಿ ಹೋಗೋವರೆಗೂ ಹೋಗ್ತಿದ್ದ. ಏನಕ್ಕೆ ಅಂತ ನಾನು ಕೇಳಾಕೆ ಹೋಗ್ಲಿಲ್ಲವ್ವಾ, ಕೇಳಿದ್ರೆ ಏನ್ ಹೇಳ್ತಾನೋ ಅಂತ ಹೆದರಿಕೆ," ಎಂದಳು. ಈಗ ಅವಳೂ ಇಲ್ಲ. ಮಾಳಿಗೆ ಕುಸಿದು, ಗೋಡೆ ಕರಗಿ, ಮನೆಯಿದ್ದ ಜಾಗದಲ್ಲಿ ಯಾರೋ ಮೆಕ್ಕೆಜೋಳ ಬಿತ್ತಿದ್ದಾರೆ. ಅವನು ಕೊನೆಗೆ ಹೇಳಿದ್ದು ನಿಜವಿರಬಹುದು. ನಿಜವೇ ಆಗಿದ್ದರೆ, ಅಷ್ಟೊಂದು ಭಾನುವಾರಗಳು ಆ ಮನುಷ್ಯ ಒಬ್ಬನೇ ಬಂಡೆಯ ಮರೆಯಲ್ಲಿ ಕೂತಿದ್ದಾನೆ, ಮತ್ತು ನಾನು ಅವನ ಪಕ್ಕದಲ್ಲಿರಲಿಲ್ಲ.